ಕಾರ್ತಿಕದ ಹಿತ್ತಿಲಲ್ಲಿ ಕೋಗಿಲೆ ಕೂಗಿತೇ?

ಮಾನ್ಯರೇ,

ತೀರ್ಥಹಳ್ಳಿ ಸಮೀಪದ ನಿಮ್ಮ ಮನೆಯ ಹಿತ್ತಿಲಲ್ಲಿ ಕಾರ್ತಿಕ ಮಾಸದ ಒಂದು ದಿನ, ಬೆಳಗಿನಿಂದ ಸಂಜೆಯವರೆಗೆ ಕಂಡ ಹಕ್ಕಿಗಳನ್ನೂ ಪ್ರಾಣಿಗಳನ್ನೂ ಕುರಿತು ನೀವು ಕಳುಹಿಸಿದ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣವನ್ನು ಮುಚ್ಚಿಡದೆ ಹೇಳುತ್ತೇನೆ.

ಮೊದಲ ಪುಟದಲ್ಲಿ ಕೋಗಿಲೆ ಇಂಪಾಗಿ ಹಾಡುತ್ತದೆ, ಮೂರನೆಯದರಲ್ಲಿ ನವಿಲು ಗರಿಗೆದರಿ ಕುಣಿಯುತ್ತದೆ. ಕೋಗಿಲೆ ಕೂಗುವುದು ಮುಖ್ಯವಾಗಿ ಮರಿಮಾಡುವ ಕಾಲದಲ್ಲಿ, ಸುಮಾರು ಮಾರ್ಚಿನಿಂದ ಆಗಸ್ಟಿನವರೆಗೆ. ನವೆಂಬರಿನಲ್ಲಿ ಅದು ಹಣ್ಣು ತಿನ್ನುತ್ತಾ ನಮ್ಮ ಮರಗಳಲ್ಲೇ ಇದ್ದರೂ ಹೆಚ್ಚುಕಡಿಮೆ ಮೌನವಾಗಿರುತ್ತದೆ. ಗಂಡು ನವಿಲು ಮಳೆಗಾಲ ಮುಗಿಯುವ ಹೊತ್ತಿಗೆ ಉದ್ದನೆಯ ಗರಿಗಳನ್ನು ಉದುರಿಸಿಕೊಳ್ಳುವುದರಿಂದ, ಕಾರ್ತಿಕದಲ್ಲಿ ಕೆದರಲು ಅದಕ್ಕೆ ಹೇಳಿಕೊಳ್ಳುವಂಥ ಗರಿಗಳಿರುವುದಿಲ್ಲ. ಇವೆರಡನ್ನೂ ನೀವು ಆ ದಿನ ಕಂಡಿರಲಾರಿರಿ. ಶಾಲೆಯಲ್ಲಿ ಓದಿದ ಪದ್ಯಗಳಿಂದ ಅವು ಒಳಗೆ ಬಂದಿವೆ ಎಂಬುದು ನನ್ನ ಅನುಮಾನ. ಇಪ್ಪತ್ತು ಹಕ್ಕಿಗಳ ಹೆಸರಿನ ಪಟ್ಟಿಯನ್ನೂ ತೆಗೆಯಿರಿ. ತೋಟದ ಕಾಲುವೆಯಲ್ಲಿ ಬಾಲ ಕುಣಿಸುವ ಕುಂಡೆಕುಸ್ಕ ಹಕ್ಕಿ, ಬೇಲಿಯ ಕಲ್ಲಿನ ಮೇಲೆ ಕಬ್ಬೆಕ್ಕು ಹಿಕ್ಕೆಯಲ್ಲಿ ಬಿಟ್ಟುಹೋದ ಕಾಫಿಬೀಜ ಇರಲಿ.

ಆದರೆ ಐದನೆಯ ಪುಟದಲ್ಲಿ, ಹಲಸಿನ ಮರದ ಬುಡದಲ್ಲಿ ತರಗೆಲೆ ಮಗುಚುತ್ತಿದ್ದ ಮೋಟುಬಾಲದ ಹಕ್ಕಿಯೊಂದು ಬಚ್ಚಲಮನೆಯ ಬಾಗಿಲು ಕಿರುಗುಟ್ಟಿದೊಡನೆ ಅಲ್ಲಾಡದೆ ನಿಂತಿತೆಂದು ಬರೆದಿದ್ದೀರಿ. ಅದನ್ನು ಓದಿ ನಾನೂ ಉಸಿರು ಬಿಗಿಹಿಡಿದೆ. ಹಸಿರು ಬೆನ್ನು, ಕಣ್ಣಿನ ಮೇಲೆ ಹಾದುಹೋದ ಕಪ್ಪು ಪಟ್ಟಿ, ಬಾಲದಡಿಯ ಕೆಂಪು ಎಂದೆಲ್ಲ ಇಷ್ಟು ಸರಿಯಾಗಿ ನೋಡಿದ ಮೇಲೂ ‘ಬಣ್ಣಬಣ್ಣದ ಯಾವುದೋ ಹಕ್ಕಿ’ ಎಂದು ಕೈಬಿಟ್ಟಿದ್ದೇಕೆ? ಅದು ನವರಂಗ. ಮಳೆಗಾಲದಲ್ಲಿ ಉತ್ತರ ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಮರಿಮಾಡಿದ ನವರಂಗಗಳು ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುತ್ತವೆ. ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಿ ಅದು ಕೂಗುವುದರಿಂದ ತಮಿಳಿನಲ್ಲಿ ಅದಕ್ಕೆ ‘ಆರುಮಣಿ ಕುರುವಿ’, ಅಂದರೆ ಆರು ಗಂಟೆಯ ಹಕ್ಕಿ, ಎಂಬ ಹೆಸರೇ ಇದೆ. ಇನ್ನು ನಿಮ್ಮ ಏಳನೆಯ ಪುಟಕ್ಕೆ ಬನ್ನಿ: ದೀಪ ಹಚ್ಚುವ ಹೊತ್ತಿನಲ್ಲಿ ಎರಡೇ ಸ್ವರದ ಸಿಳ್ಳೆ ಕೇಳಿಸಿತು, ಯಾರದೆಂದು ತಿಳಿಯಲಿಲ್ಲ ಎಂದಿದ್ದೀರಿ. ಐದನೆಯ ಪುಟದ ಹಕ್ಕಿಯೇ ಏಳನೆಯ ಪುಟದಲ್ಲಿ ಸಿಳ್ಳೆ ಹಾಕಿರಬಹುದು. ನಿಮ್ಮ ಪ್ರಬಂಧವಿರುವುದು ಈ ಎರಡು ಪುಟಗಳ ನಡುವೆ.

ಚಳಿಗಾಲ ಮುಗಿಯುವವರೆಗೆ ನವರಂಗ ನಿಮ್ಮ ಸೀಮೆಯಲ್ಲೇ ಇರುವ ಹಕ್ಕಿ. ಕೆಲವು ಸಂಜೆ ಐದೂವರೆಗೇ ಹಲಸಿನ ಮರ ಕಾಣುವ ಕಡೆ ಸದ್ದಿಲ್ಲದೆ ಕುಳಿತು, ಸಿಳ್ಳೆ ಯಾವ ದಿಕ್ಕಿನಿಂದ ಬಂತು, ಅದು ಎಲೆ ಮಗುಚುವುದು ಕೊಕ್ಕಿನಿಂದಲೋ ಕಾಲಿನಿಂದಲೋ ಎಂದು ಗುರುತು ಹಾಕಿಕೊಳ್ಳಿ. ಅಷ್ಟನ್ನೇ ಎರಡು ಪುಟ ಬರೆದು ಕಳುಹಿಸಿ. ಬಂದ ದಿನವೇ ಓದುತ್ತೇನೆ.

ವಂದನೆಗಳೊಂದಿಗೆ,
ಸಂಪಾದಕ