ಆ ಟ್ಯೂಬ್ ಬಿಸಾಡಬೇಡಿ, ಡಾಕ್ಟರಿಗೆ ತೋರಿಸಿ

ಹಾಸನ ಜಿಲ್ಲೆಯ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದಲ್ಲಿ ಇರುವುದಿಷ್ಟು:

"ಮಗನಿಗೆ 15 ವರ್ಷ, ಹತ್ತನೇ ಕ್ಲಾಸು. ಹೋದ ವರ್ಷದಿಂದ ಮುಖದ ತುಂಬ ಮೊಡವೆ. ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟರು. ವಾರದೊಳಗೆ ಮುಖ ತಿಳಿಯಾಯಿತು, ಬಣ್ಣವೂ ಬಂತು. ಮತ್ತೆ ಮತ್ತೆ ತಂದೆವು. ಈಗ ನಾಲ್ಕು ತಿಂಗಳು. ಎರಡು ದಿನ ಹಚ್ಚದಿದ್ದರೆ ಮುಖ ಕೆಂಪಾಗಿ ಉರಿಯುತ್ತದೆ, ಮೊಡವೆ ಮೊದಲಿಗಿಂತ ಜಾಸ್ತಿ. ಬಿಸಿಲಿಗೆ ಹೋಗಲು ಆಗುತ್ತಿಲ್ಲ. ಇದು ಮೈಯ ಉಷ್ಣ, ಕಡಲೆಕಾಯಿ, ಬೆಲ್ಲ, ಮಾವಿನಹಣ್ಣು ನಿಲ್ಲಿಸು ಅನ್ನುತ್ತಾರೆ ನಮ್ಮತ್ತೆ. ಮಗಳಿಗೆ ಹದಿಮೂರೂವರೆ, ಇನ್ನೂ ದೊಡ್ಡವಳಾಗಿಲ್ಲ. ನಾದಿನಿಯ ಮಗಳು ಹನ್ನೊಂದಕ್ಕೇ ಆದಳು. ಹೋದಲ್ಲೆಲ್ಲ ಅದೇ ಪ್ರಶ್ನೆ. ಏನು ಮಾಡಲಿ?"

ಅಮ್ಮಾ, ನೀವು ಇಬ್ಬರು ಮಕ್ಕಳ ಬಗ್ಗೆ ಬರೆದಿದ್ದೀರಿ. ಆದರೆ ಇಡೀ ಪತ್ರದಲ್ಲಿ ನಿಜವಾಗಿ ಹೆದರಬೇಕಾದದ್ದು ಒಂದಕ್ಕೇ. ಆ ಟ್ಯೂಬಿಗೆ.

ಅದರ ಹೆಸರನ್ನು ನೀವು ಬರೆದಿಲ್ಲ. ಮನೆಯಲ್ಲಿ ಇದ್ದರೆ ಈಗಲೇ ತೆಗೆದು, ಬೆಳಕಿಗೆ ಹಿಡಿದು, ಹಿಂಬದಿಯ ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಟಿಕಾಸೋನ್, ಕ್ಲೋಬೆಟಾಸೋಲ್, ಇಂಥ ಯಾವುದಾದರೂ ಹೆಸರಿದ್ದರೆ ಅದು ಸ್ಟೆರಾಯ್ಡ್. ಮೊಮೆಟಾಸೋನ್ ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಸೇರಿಸಿದ ಕ್ರೀಮನ್ನಂತೂ ನಮ್ಮಲ್ಲಿ ಬೆಳ್ಳಗಾಗುವ ಕ್ರೀಮ್ ಅಂತಲೇ ಕೈಯಿಂದ ಕೈಗೆ ದಾಟಿಸುತ್ತಾರೆ. ಅದು ಇರುವುದು ಮುಖದ ಕಪ್ಪು ಕಲೆಗೆ, ಡಾಕ್ಟರ ಕಣ್ಣಳತೆಯಲ್ಲಿ, ಕೆಲವೇ ವಾರ ಹಚ್ಚುವುದಕ್ಕೆ. ಹದಿನೈದರ ಹುಡುಗನ ಮೊಡವೆಗಲ್ಲ.

ಸ್ಟೆರಾಯ್ಡ್ ಕೆಟ್ಟ ಔಷಧವೇನಲ್ಲ. ಇಸಬು, ಅಲರ್ಜಿಗೆ ಅದರಿಂದ ತುಂಬ ಉಪಕಾರ ಇದೆ. ಆದರೆ ಮುಖಕ್ಕೆ ಹಚ್ಚಿದಾಗ ಅದು ಮೊದಲು ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಊತ ಇಳಿಸುತ್ತದೆ. ಕೆಂಪು ಹೋಗುತ್ತದೆ, ಮುಖ ಬಿಳಿಚಿದಂತೆ ಕಾಣುತ್ತದೆ. ನಾವು ಅದನ್ನೇ 'ಬಣ್ಣ ಬಂತು' ಅಂದುಕೊಳ್ಳುತ್ತೇವೆ. ಕಟ್ಟಿಕೊಂಡ ರಂಧ್ರ ಕಟ್ಟಿಕೊಂಡೇ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಕೆನ್ನೆಯ ಮೇಲೆ ಕೆಂಪು ಎಳೆಗಳು ಕಾಣುತ್ತವೆ, ಬೇಡದ ಕೂದಲು ಬೆಳೆಯುತ್ತದೆ, ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆಗಳು ಹೊಸದಾಗಿ ಏಳುತ್ತವೆ. ಬಿಟ್ಟ ಕೂಡಲೇ ಬಿಗಿಯಾಗಿದ್ದ ರಕ್ತನಾಳಗಳು ಹಿಗ್ಗುತ್ತವೆ, ಮುಖ ಉರಿಯುತ್ತದೆ. ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ನಿಮ್ಮ ಮನೆಯಲ್ಲಿ ನಡೆಯುತ್ತಿರುವುದೂ ಇದೇ ಅಲ್ವಾ? ನಮ್ಮ ದೇಶದಲ್ಲಿ ಇದು ಎಷ್ಟು ಜಾಸ್ತಿಯಾಗಿದೆ ಅಂದರೆ, ಇಂಥ ಮುಖಕ್ಕೆ ಚರ್ಮವೈದ್ಯರು ಒಂದು ಬೇರೆ ಹೆಸರನ್ನೇ ಇಟ್ಟಿದ್ದಾರೆ: ಟಾಪಿಕಲ್ ಸ್ಟೆರಾಯ್ಡ್ ಡ್ಯಾಮೇಜ್ಡ್ ಫೇಸ್.

2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೆರಾಯ್ಡ್‌ಗಳಲ್ಲಿ 14 ಬಗೆಯವನ್ನು ಡಾಕ್ಟರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಆದೇಶ ಮಾಡಿತು. ಕಾನೂನು ಇದೆ, ಟ್ಯೂಬೂ ಸಿಗುತ್ತದೆ. ಅಂಗಡಿಯವರನ್ನು ನಾನು ವಹಿಸಿಕೊಳ್ಳುವುದಿಲ್ಲ. ಆದರೆ ನಾವೂ ಕೌಂಟರ್ ಮುಂದೆ ನಿಂತು ಕೇಳುವುದು 'ಬೇಗ ಹೋಗೋ ಹಾಗೆ ಏನಾದ್ರೂ ಕೊಡಿ' ಅಂತಲೇ.

ಹಾಗಂತ ಇವತ್ತೇ ಟ್ಯೂಬ್ ಕಿತ್ತುಕೊಂಡು ಮಗನನ್ನು ಉರಿಯಲ್ಲಿ ಕೂರಿಸಬೇಡಿ. ಈ ವಾರವೇ ಚರ್ಮದ ಡಾಕ್ಟರ ಹತ್ರ ಕರೆದುಕೊಂಡು ಹೋಗಿ. ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇರುತ್ತದೆ. ಟ್ಯೂಬನ್ನು ಜೊತೆಗೆ ಒಯ್ಯಿರಿ, ಎಷ್ಟು ತಿಂಗಳಿಂದ ಹಚ್ಚಿದ್ದು ಅಂತ ಮುಚ್ಚಿಡದೆ ಹೇಳಿ. ಒಮ್ಮೆಗೇ ನಿಲ್ಲಿಸಬೇಕೋ, ಕಡಿಮೆ ಶಕ್ತಿಯದಕ್ಕೆ ಇಳಿಸಿ ಬಿಡಿಸಬೇಕೋ ಅನ್ನುವುದು ಅವರ ಲೆಕ್ಕ. ಮುಖ ತಹಬಂದಿಗೆ ಬರಲು ತಿಂಗಳುಗಳೇ ಹಿಡಿಯಬಹುದು, ಮಗನಿಗೆ ಇದನ್ನು ಮೊದಲೇ ಹೇಳಿಬಿಡಿ. ಅಲ್ಲಿವರೆಗೆ ನಿಂಬೆರಸ, ಟೂತ್‌ಪೇಸ್ಟ್, ಸೋಡಾಪುಡಿ, ಸ್ಕ್ರಬ್ ಯಾವುದೂ ಬೇಡ. ತಣ್ಣೀರು, ವಾಸನೆಯಿಲ್ಲದ ಮಾಯಿಶ್ಚರೈಸರ್, ಬಿಸಿಲಿಗೆ ಟೋಪಿ ಸಾಕು.

ಇನ್ನೊಂದು ಮಾತು, ಇದನ್ನು ಅವನ ಅಪ್ಪನ ಕೈಲಿ ಕೇಳಿಸಿ. ಈ ವಯಸ್ಸಿನ ಹುಡುಗರಿಗೆ ಬೆವರು, ಬಿಗಿ ಜೀನ್ಸ್ ಸೇರಿ ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುವುದು ತೀರಾ ಸಾಮಾನ್ಯ. ನಾಚಿಕೆಗೆ ಯಾರಿಗೂ ಹೇಳುವುದಿಲ್ಲ, ಮನೆಯಲ್ಲಿರುವ ಅದೇ ಟ್ಯೂಬ್ ಅಲ್ಲಿಗೂ ಹಚ್ಚುತ್ತಾರೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಫಂಗಸ್ ಮಾತ್ರ ಸದ್ದಿಲ್ಲದೆ ಹರಡುತ್ತದೆ. ಹಾಗೇನಾದರೂ ಇದ್ದರೆ ಡಾಕ್ಟರಿಗೆ ಅದನ್ನೂ ತೋರಿಸಲಿ.

ಈಗ ಮೊಡವೆಯ ವಿಷಯ. ಹುಡುಗ ಹುಡುಗಿ ಇಬ್ಬರಲ್ಲೂ ಈ ಹೊತ್ತಿಗೆ ಆಂಡ್ರೋಜೆನ್ ಅನ್ನುವ ಹಾರ್ಮೋನ್ ಏರುತ್ತದೆ. ಚರ್ಮದ ಎಣ್ಣೆಗ್ರಂಥಿಗಳು ದಪ್ಪಗಾಗಿ ಜಾಸ್ತಿ ಜಿಡ್ಡು ಸುರಿಸುತ್ತವೆ. ಈ ಗ್ರಂಥಿಗಳು ಹೆಚ್ಚಾಗಿರುವುದು ಮುಖ, ಎದೆ, ಬೆನ್ನಿನಲ್ಲಿ, ಮೊಡವೆ ಏಳುವುದೂ ಅಲ್ಲೇ. ಕೂದಲಿನ ರಂಧ್ರದ ಬಾಯಿ ಸತ್ತ ಚರ್ಮದಿಂದ ಕಟ್ಟಿಕೊಳ್ಳುತ್ತದೆ, ಜಿಡ್ಡು ಒಳಗೇ ಉಳಿಯುತ್ತದೆ. ಎಲ್ಲರ ಚರ್ಮದಲ್ಲೂ ಇರುವ ಒಂದು ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚುತ್ತದೆ, ಊದಿಕೊಳ್ಳುತ್ತದೆ, ಕೀವು ತುಂಬುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆ ಕೊಳೆ ಅಲ್ಲ. ಅದಕ್ಕೇ ದಿನಕ್ಕೆ ಐದು ಸಲ ಸೋಪು ಹಾಕಿ ಉಜ್ಜಿದರೆ ಚರ್ಮ ಸಿಡಿಮಿಡಿಗೊಳ್ಳುತ್ತದೆಯೇ ಹೊರತು ಮೊಡವೆ ಹೋಗುವುದಿಲ್ಲ. ಎರಡು ಸಲ, ಮೆದುವಾದ ಸೋಪು, ಅಷ್ಟೇ.

ನಿಜವಾದ ಮೊಡವೆ ಔಷಧ ನಿಧಾನ. ಸಾಮಾನ್ಯವಾಗಿ ಡಾಕ್ಟರು ಬರೆಯುವುದು ಬೆನ್ಝಾಯಿಲ್ ಪೆರಾಕ್ಸೈಡ್, ಇಲ್ಲವೇ ರಾತ್ರಿ ಹಚ್ಚುವ ಅಡಾಪಲೀನ್, ಅಥವಾ ಎರಡೂ. ಮೊದಲ ಕೆಲವು ವಾರ ಮುಖ ಒಣಗಿ ಸಿಪ್ಪೆ ಏಳುತ್ತದೆ. ಎಂಟರಿಂದ ಹನ್ನೆರಡು ವಾರ ಬಿಡದೆ ಹಚ್ಚಿದ ಮೇಲೆ ಗುಣ ಕಾಣುತ್ತದೆ. ಹೆಚ್ಚಿನ ಮಕ್ಕಳು ಎರಡನೇ ವಾರಕ್ಕೇ 'ಇದು ಕೆಲಸ ಮಾಡ್ತಿಲ್ಲ' ಅಂತ ಬಿಟ್ಟುಬಿಡುತ್ತಾರೆ. ವಾರದಲ್ಲಿ ತಿಳಿಯಾಗುವ ಟ್ಯೂಬು ಗೆಲ್ಲುವುದು ಇಲ್ಲೇ. ಅಂದಹಾಗೆ, ಬೆನ್ಝಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ. ಮಗನ ದಿಂಬಿಗೆ ಹಳೆಯ ಬಿಳಿ ಕವರ್ ಹಾಕಿ, ಇಲ್ಲದಿದ್ದರೆ ಅದಕ್ಕೂ ಅವನಿಗೆ ಬೈಗುಳ ಬೀಳುತ್ತದೆ. ಗಂಟುಗಂಟಾಗಿ, ಕಲೆ ಬೀಳುವಂಥ ಮೊಡವೆಯಾದರೆ ಮಾತ್ರೆಯೂ ಬೇಕಾಗಬಹುದು. ಹಿಚುಕಬಾರದು ಅನ್ನುವುದನ್ನು ಅವನಿಗೆ ನೂರು ಸಲ ಹೇಳಿರುತ್ತೀರಿ. ನಮ್ಮ ಗೋದಿ, ಕಪ್ಪು ಮೈಬಣ್ಣದ ಚರ್ಮದಲ್ಲಿ ಹಿಚುಕಿದ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದೆ ಅನ್ನುವ ಕಾರಣವನ್ನೂ ಸೇರಿಸಿ ಹೇಳಿ.

ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ತಿಂದ ಕೂಡಲೇ ರಕ್ತದಲ್ಲಿ ಸಕ್ಕರೆ ಏರಿಸುವ ತಿಂಡಿಗಳಿಗೂ ಮೊಡವೆಗೂ ನಂಟಿದೆ ಎಂದು ಅಧ್ಯಯನಗಳು ತೋರಿಸಿವೆ. ಕೂಲ್ ಡ್ರಿಂಕ್, ಬೇಕರಿಯ ಬನ್ನು, ಪಪ್ಸು ಕಡಿಮೆ ಮಾಡಿಸಿ, ಬೆಲ್ಲವೂ ಹಿತಮಿತವಾಗಿರಲಿ. ಕಡಲೆಕಾಯಿ ಏನು ಪಾಪ ಮಾಡಿತ್ತು? ಹುಡುಗರು ಭರದಿಂದ ಬೆಳೆಯುವ ವರ್ಷದಲ್ಲಿ ಒಂಬತ್ತು ಹತ್ತು ಸೆಂಟಿಮೀಟರ್ ಎತ್ತರ ಹೋಗುವುದುಂಟು. ಅಂಥ ಮೈಗೆ ಒಂದು ಹಿಡಿ ಹುರಿದ ಕಡಲೆಕಾಯಿ ಒಳ್ಳೆಯದೇ. ಮಾವಿನಹಣ್ಣನ್ನೂ ಊಟದ ಜೊತೆ ಅಷ್ಟಿಷ್ಟು ತಿನ್ನಲಿ ಬಿಡಿ. ಅತ್ತೆಯವರನ್ನು ಒಂದು ಕೆಲಸಕ್ಕೆ ಮಾತ್ರ ಒಪ್ಪಿಸಬೇಕು: ಮೊಮ್ಮಗನ ತಲೆಗೆ ಎಣ್ಣೆ ತಟ್ಟುವಾಗ ಹಣೆಯವರೆಗೂ ಇಳಿಸಬಾರದು. ಹಣೆಯ ಸಾಲು ಮೊಡವೆಗೆ ಎಷ್ಟೋ ಸಲ ಅದೇ ಕಾರಣ.

ಮೊನ್ನೆ ಬಂದ ಇನ್ನೊಂದು ಪತ್ರವನ್ನೂ ಇಲ್ಲೇ ಮುಗಿಸುತ್ತೇನೆ. ಮಗಳ ಕತ್ತಿನ ಹಿಂಭಾಗ ಕಪ್ಪಾಗಿ ದಪ್ಪಗಾಗಿದೆ, ಕಲ್ಲು ಹಾಕಿ ಉಜ್ಜಿದರೂ ಹೋಗುತ್ತಿಲ್ಲ ಎಂದು ಒಬ್ಬರು ಬರೆದಿದ್ದಾರೆ. ಉಜ್ಜುವುದನ್ನು ನಿಲ್ಲಿಸಿ, ಸ್ವಾಮಿ. ಅದು ಕೊಳೆಯಲ್ಲ. ತೂಕ ಹೆಚ್ಚಿರುವ ಮಕ್ಕಳಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕತ್ತು, ಕಂಕುಳು ಹೀಗೆ ಕಪ್ಪಾಗುತ್ತವೆ. ಸಕ್ಕರೆ ಪರೀಕ್ಷೆ ಮಾಡಿಸಿ. ತೂಕ ಇಳಿದಂತೆ ಬಣ್ಣವೂ ತಿಳಿಯಾಗುತ್ತದೆ.

ಹಾಸನದ ತಾಯಿಗೆ ಮಗನ ಬಗ್ಗೆ ಕೊನೆಯದಾಗಿ ಒಂದು ಮಾತು. ಅವನು ಫೋಟೋಗೆ ನಿಲ್ಲುವುದಿಲ್ಲ, ಮದುವೆ ಮನೆಗೆ ಬರುವುದಿಲ್ಲ ಅಂದರೆ 'ಹುಡುಗೀರ ಥರ ಕನ್ನಡಿ ನೋಡ್ತಾನೆ' ಅಂತ ಯಾರೂ ಆಡಿಕೊಳ್ಳದ ಹಾಗೆ ನೋಡಿಕೊಳ್ಳಿ. ಮೊಡವೆಯಿಂದ ಮನಸ್ಸು ಕುಗ್ಗಿ ಶಾಲೆ ಬಿಡುವ ಮಕ್ಕಳೂ ಇದ್ದಾರೆ. ಎದೆಯಲ್ಲಿ ಸಣ್ಣ ಗಂಟು ಬಂದು ಹುಡುಗರು ಗಾಬರಿಯಾಗುವುದೂ ಉಂಟು. ಅದೂ ಈ ವಯಸ್ಸಿನ ಹಾರ್ಮೋನಿನದೇ ಆಟ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಸೊಂಟದ ಮೇಲೆ ಬೆನ್ನಿಗೆ ಅಡ್ಡಡ್ಡ ಗೆರೆ ಬಿದ್ದರೆ ಯಾರೋ ಹೊಡೆದದ್ದೇ ಅಂತಲ್ಲ, ಸರಸರನೆ ಬೆಳೆದಾಗ ಚರ್ಮ ಹಿಗ್ಗಿದ್ದೂ ಇರಬಹುದು.

ಇನ್ನು ಮಗಳು. ಹೆಣ್ಣುಮಕ್ಕಳಲ್ಲಿ ಎಂಟರಿಂದ ಹದಿಮೂರರೊಳಗೆ ಎದೆ ಮೂಡಲು ಶುರುವಾಗುತ್ತದೆ. ಸುಮಾರು ಎರಡು, ಎರಡೂವರೆ ವರ್ಷದ ಮೇಲೆ ಮುಟ್ಟು. ಹದಿಮೂರೂವರೆ ತಡವೇನಲ್ಲ. ಎದೆ ಮೂಡಿದ್ದು ಯಾವಾಗ ಅಂತ ನೆನಪಿಸಿಕೊಳ್ಳಿ, ನೀವು ಯಾವಾಗ ದೊಡ್ಡವರಾದಿರಿ ಅನ್ನುವುದನ್ನೂ. ತಾಯಿಯದು ತಡವಾಗಿದ್ದರೆ ಮಗಳದೂ ತಡವಾಗುವುದುಂಟು. ಎದೆ ಮೂಡುವ ಸುಳಿವೇ ಇಲ್ಲದಿದ್ದರೆ ಈಗಲೇ ಡಾಕ್ಟರಿಗೆ ತೋರಿಸಿ. ಮೂಡಿದ್ದರೆ 15ರವರೆಗೆ ಕಾಯಬಹುದು. ಆದರೆ ಮೂಡಿ ಮೂರು ವರ್ಷವಾದರೂ ಮುಟ್ಟಾಗದಿದ್ದರೆ 15ರ ತನಕ ಕಾಯಬೇಡಿ. ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಇವೆ, ಅಲ್ಲೂ ಕೇಳಬಹುದು. ನಾದಿನಿ ಮತ್ತೆ ವಿಚಾರಿಸಿದರೆ 'ಆದಾಗ ಹೇಳ್ತೀವಿ' ಅನ್ನಿ, ಅದೂ ಮಗಳ ಎದುರಿಗೇ ಅನ್ನಿ. ಅವಳ ಶಾಲೆ ಬ್ಯಾಗಿನಲ್ಲಿ ಎರಡು ಪ್ಯಾಡು, ಒಂದು ಒಳಉಡುಪು ಇಟ್ಟು, ಹೇಗೆ ಬಳಸಬೇಕು ಅಂತ ಈಗಲೇ ತೋರಿಸಿಕೊಡಿ. ಶಾಲೆಯಲ್ಲೇ ಶುರುವಾದರೆ ಗಾಬರಿಯಾಗುವುದಿಲ್ಲ.