ಸಂಪಾದಕರ ಉತ್ತರ: ತೀರಿದ ಸಾಲ, ಉಳಿದ ಬೋಜಾ

ಗದಗ ಕಡೆಯ ಓದುಗರೊಬ್ಬರು, ನಿವೃತ್ತ ಶಿಕ್ಷಕಿ, ಆರು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿರೆಂದು ಕೇಳಿಕೊಂಡಿದ್ದಾರೆ. 11 ವರ್ಷಗಳ ಹಿಂದೆ ಅವರ ತಮ್ಮ ಮೂತ್ರಪಿಂಡದ ಕಾಯಿಲೆಯಿಂದ ಆಸ್ಪತ್ರೆ ಸೇರಿದಾಗ ಅಕ್ಕನ ಹತ್ತಿರ ಎರಡು ಲಕ್ಷ ರೂಪಾಯಿ ಕೇಳಿದ್ದರು. ಬ್ಯಾಂಕಿನಲ್ಲಿ ಠೇವಣಿ ಇದ್ದರೂ, ಮನೆಯ ಪಾಲಿನ ಹಳೆಯ ಸಿಟ್ಟಿನಿಂದ ಇವರು "ನನ್ನ ಹತ್ತಿರ ಇಲ್ಲ" ಎಂದುಬಿಟ್ಟರು. ಮೂರು ವಾರದಲ್ಲಿ ತಮ್ಮ ತೀರಿಕೊಂಡರು. ಅಂದಿನಿಂದ ಇವರು ತಪ್ಪದೆ ಆರಾಧನೆಗೆ ಹೋಗುತ್ತಾರೆ, ಆದರೆ ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹೊತ್ತಿಗೆ ಸಭೆಯೆಲ್ಲ ಎದ್ದು ಮುಂದೆ ಹೋದಾಗ ತಾವೊಬ್ಬರೇ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾರೆ. ಅಯೋಗ್ಯವಾಗಿ ರೊಟ್ಟಿ ತಿಂದವನು ಕರ್ತನ ದೇಹಕ್ಕೆ ಅಪರಾಧಿ ಎಂಬ ಅಪೊಸ್ತಲ ಪೌಲನ ಮಾತು ಅವರನ್ನು ತಡೆಯುತ್ತದೆ. ಪತ್ರದ ಕೊನೆ ಹೀಗಿದೆ: "ದೇವರು ಕ್ಷಮಿಸಿದ್ದಾನೆಂದು ಬುದ್ಧಿಗೆ ಗೊತ್ತು. ಆದರೆ ನಾನು ಹಾಯಾಗಿದ್ದರೆ ನನ್ನ ತಮ್ಮನಿಗೆ ಎರಡನೆಯ ಸಲ ದ್ರೋಹ ಮಾಡಿದಂತಾಗುವುದಿಲ್ಲವೇ? ಈ ನೋವಾದರೂ ನಾನು ಕಟ್ಟುವ ದಂಡವಾಗಿರಲಿ."

ಪ್ರಿಯ ಸಹೋದರಿಯವರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಓದಿದಾಗಲೆಲ್ಲ ನನ್ನ ತಂದೆಯ ತಗಡಿನ ಟ್ರಂಕು ಕಣ್ಣಿಗೆ ಕಟ್ಟಿತು.

ನಮ್ಮದು ನವಲಗುಂದ ಸೀಮೆಯ ಎರೆಹೊಲ. ತಂದೆಯವರು ಎತ್ತು ಕೊಳ್ಳಲು ಸೊಸೈಟಿಯಲ್ಲಿ ಸಾಲ ಮಾಡಿ, ಒಂದು ವರ್ಷ ಮೆಣಸಿನಕಾಯಿಗೆ ಒಳ್ಳೆಯ ದರ ಬಂದಾಗ ಪೂರ್ತಿ ತೀರಿಸಿದರು. ಬಾಕಿ ಇಲ್ಲವೆಂಬ ಚೀಟಿಯನ್ನೂ ಬರೆಸಿಕೊಂಡು ಬಂದರು. ಆ ಚೀಟಿಯನ್ನು ಹೊಲದ ದಾಖಲೆ ನೋಡುವ ತಲಾಟಿಯ ಹತ್ತಿರ ಒಯ್ದು ಉತಾರದಿಂದ, ಅಂದರೆ ಪಹಣಿಯಿಂದ, ಬೋಜಾ ಎಂಬ ಸಾಲದ ನಮೂದನ್ನು ತೆಗೆಸಬೇಕಿತ್ತು. ಅವರು ಅದನ್ನು ನಾಲ್ಕು ಮಡಿಕೆ ಮಾಡಿ, ಹಳೆಯ ಲಗ್ನಪತ್ರಿಕೆಗಳ ಕೆಳಗೆ ಟ್ರಂಕಿನಲ್ಲಿಟ್ಟರು. ಒಂಬತ್ತು ವರ್ಷ ಅದು ಅಲ್ಲೇ ಇತ್ತು. ಬಾವಿ ತೋಡಿಸೋಣವೆಂದು ತಾಯಿಯವರು ಅಂದಾಗಲೆಲ್ಲ "ಉತಾರದಾಗ ಬೋಜಾ ಐತಿ" ಎಂಬುದೊಂದೇ ಉತ್ತರ. ಸೊಸೈಟಿಯ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿಯಿಂದ ಸಂತೆಗೆ ಹೋಗುತ್ತಿದ್ದರು. ಕೊನೆಗೆ ದೊಡ್ಡಪ್ಪನೇ ಟ್ರಂಕು ತೆಗೆಸಿ, ಚೀಟಿ ಹುಡುಕಿ, ತಂದೆಯವರನ್ನು ಕೈಹಿಡಿದು ತಲಾಟಿಯ ಬಳಿ ಕರೆದುಕೊಂಡು ಹೋದರು. "ತೀರಿಸಿದ ಸಾಲಕ್ಕ ಹಿಂಗ ತಲಿ ತಗ್ಗಿಸಿ ಅಡ್ಡಾಡತಿಯಲ್ಲೋ" ಎಂದು ಅವರು ಅಂದದ್ದು ನನಗೆ ಇನ್ನೂ ನೆನಪಿದೆ.

ನಮ್ಮ ಮೇಲಿದ್ದ ಋಣಪತ್ರವನ್ನು ದೇವರು ಅಳಿಸಿ ಶಿಲುಬೆಗೆ ಜಡಿದನೆಂದು ಪೌಲನು ಕೊಲೊಸ್ಸೆಯವರಿಗೆ ಬರೆದಿದ್ದಾನೆ. ಕರ್ತನ ಪ್ರಾರ್ಥನೆಯಲ್ಲಿ ನಾವು ತಪ್ಪು ಎನ್ನುವಲ್ಲಿ ಮತ್ತಾಯನ ಗ್ರೀಕ್ ಮೂಲದಲ್ಲಿರುವುದು ಸಾಲ ಎಂಬ ಪದ. ಕ್ಷಮಿಸು ಎಂಬುದಕ್ಕೆ ಅಲ್ಲಿರುವ ಪದಕ್ಕೆ ಬಿಟ್ಟುಬಿಡು ಎಂದೂ ಅರ್ಥ, ಮೀನುಗಾರರು ಬಲೆಗಳನ್ನು ಬಿಟ್ಟು ಯೇಸುವಿನ ಹಿಂದೆ ಹೋದರೆನ್ನುವಾಗ ಮಾರ್ಕನು ಬಳಸಿದ್ದೂ ಅದನ್ನೇ. ನಿಮ್ಮ ಸಾಲವನ್ನು ಕ್ರಿಸ್ತನು ತೀರಿಸಿದ್ದಾನೆಂದು ನೀವೇ ಒಪ್ಪಿದ್ದೀರಿ. ಆದರೂ ಚೀಟಿಯನ್ನು ಟ್ರಂಕಿನಲ್ಲಿಟ್ಟು 11 ವರ್ಷ ಹಿಂದಿನ ಓಣಿಯಲ್ಲಿ ನಡೆಯುತ್ತಿದ್ದೀರಿ. ದಂಡವೆಂದು ನೀವು ಕಟ್ಟುತ್ತಿರುವುದು ಯಾರ ಖಾತೆಗೆ ಜಮೆಯಾಗುತ್ತಿದೆ? ತಮ್ಮನಿಗೆ ಅದು ತಲುಪಲಿಲ್ಲ. ಅವರ ಹೆಂಡತಿ ಎರಡು ಓಣಿ ಆಚೆಗಿದ್ದರೂ ಮುಖ ತೋರಿಸಲಾಗದೆ ಒಮ್ಮೆಯೂ ಆ ಮನೆಗೆ ಹೋಗಿಲ್ಲವೆಂದು ನೀವೇ ಬರೆದಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ಹಿರಿಯಣ್ಣನಂತೆ ಹೇಳುತ್ತೇನೆ: ನಿಮ್ಮ ಈ ದುಃಖ ಆ ವಿಧವೆಯ ಮನೆಗೆ 11 ವರ್ಷಗಳಲ್ಲಿ ಒಂದು ಸೇರು ಜೋಳವನ್ನೂ ಹೊತ್ತುಕೊಂಡು ಹೋಗಿಲ್ಲ.

ಕ್ಷಮೆಯನ್ನು ಅಗ್ಗ ಮಾಡಬಾರದೆನ್ನುವವರು ಇದ್ದಾರೆ, ಅವರ ಮಾತಿನಲ್ಲಿ ಸತ್ಯವಿದೆ. ಪಶ್ಚಾತ್ತಾಪವಿಲ್ಲದ ಕ್ಷಮೆಯನ್ನು ಅಗ್ಗದ ಕೃಪೆ ಎಂದು ಕರೆದ ಜರ್ಮನಿಯ ಬೋಧಕ ಡೀಟ್ರಿಚ್ ಬಾನ್‌ಹಾಫರ್ 1945ರಲ್ಲಿ ಹಿಟ್ಲರನ ಆಳ್ವಿಕೆಯ ಕೈಯಲ್ಲಿ ಗಲ್ಲಿಗೇರಿದವರು, ಅವರ ಮಾತಿಗೆ ತೂಕವಿದೆ. ಆದರೆ ನಮ್ಮ ಪ್ರಸಂಗಿಗಳು ಅವರ ಆ ಒಂದು ಮಾತನ್ನೇ ಹಿಡಿದುಕೊಂಡು ಅವರ ಇನ್ನೊಂದು ಕೆಲಸವನ್ನು ಮರೆತಿದ್ದಾರೆ. ಫಿಂಕನ್‌ವಾಲ್ಡೆಯಲ್ಲಿ ಅವರು ನಡೆಸುತ್ತಿದ್ದ ಬೋಧಕರ ಶಾಲೆಯಲ್ಲಿ, ಕರ್ತನ ಭೋಜನಕ್ಕೆ ಮೊದಲು, ಒಬ್ಬ ಸಹೋದರನು ಇನ್ನೊಬ್ಬನ ಮುಂದೆ ತನ್ನ ಪಾಪವನ್ನು ಬಾಯಿಬಿಟ್ಟು ಹೇಳಿ ಅವನ ಬಾಯಿಂದ ಕ್ಷಮೆಯ ಮಾತನ್ನು ಕೇಳಿಸಿಕೊಳ್ಳಬೇಕೆಂದು ಅವರು ವಿದ್ಯಾರ್ಥಿಗಳನ್ನು ಪ್ರೋತ್ಸಾಹಿಸುತ್ತಿದ್ದರು. ಮನಸ್ಸಿನೊಳಗೆ ನಮಗೆ ನಾವೇ ಹೇಳಿಕೊಂಡ ಕ್ಷಮೆ ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಅದು ರೋಮನ್ ಕ್ಯಾಥೊಲಿಕರ ಪದ್ಧತಿ, ನಮಗೇಕೆ ಎಂದು ನಮ್ಮ ಸಭೆಯ ಹಿರಿಯರು ಕೇಳುವುದುಂಟು. ಪ್ರಾಟೆಸ್ಟಂಟ್ ಸುಧಾರಣೆಯನ್ನು ಆರಂಭಿಸಿದ ಮಾರ್ಟಿನ್ ಲೂಥರ್ 1529ರ ತಮ್ಮ ಚಿಕ್ಕ ಪ್ರಶ್ನೋತ್ತರಿಯಲ್ಲಿ ಪಾಪನಿವೇದನೆಯ ಕ್ರಮವನ್ನು ಉಳಿಸಿಕೊಂಡರೆಂಬುದನ್ನು ಅವರು ತಿಳಿಯಬೇಕು. ನಿಮ್ಮಂಥ ಮನಸ್ಸು ಲೂಥರರಿಗೂ ಇತ್ತು. 1505ರಲ್ಲಿ ಎರ್ಫರ್ಟಿನ ಮಠ ಸೇರಿದ ಅವರು ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಎದ್ದು ಬಂದ ಮೇಲೆ ಮತ್ತೊಂದು ತಪ್ಪು ನೆನಪಾಗಿ ಹಿಂದಿರುಗುತ್ತಿದ್ದರು. ಅವರ ಗುರು ಸ್ಟೌಪಿಟ್ಜ್ ಬೇಸತ್ತರೂ ಕೈಬಿಡಲಿಲ್ಲ, ನಿನ್ನನ್ನು ನೀನು ನೋಡಿಕೊಳ್ಳುವುದನ್ನು ಬಿಟ್ಟು ಕ್ರಿಸ್ತನ ಗಾಯಗಳನ್ನು ನೋಡು ಎಂದು ಕಲಿಸಿದರು. ಲೂಥರರಿಗೆ ಒಬ್ಬ ಸ್ಟೌಪಿಟ್ಜ್ ಸಿಕ್ಕಿದರು. ನಿಮಗೆ 11 ವರ್ಷಗಳಲ್ಲಿ ಅಂಥವರೊಬ್ಬರೂ ಸಿಗಲಿಲ್ಲವೆಂಬುದು ನನ್ನ ನಿಜವಾದ ಸಂಕಟ.

ಈಗ ನಿಮ್ಮನ್ನು ತಡೆದಿರುವ ಆ ವಚನಕ್ಕೆ ಬರುತ್ತೇನೆ. ಮಕ್ಕಳಿಗೆ ಪಾಠ ಹೇಳಿದವರು ನೀವು, ಒಂದು ಸಾಲನ್ನು ಅದರ ಹಿಂದುಮುಂದಿನಿಂದ ಕಿತ್ತು ಓದಬಾರದೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯವನ್ನು 20ನೆಯ ವಚನದಿಂದ ಓದಿ. ಅಲ್ಲಿ ಉಳ್ಳವರು ಬೇಗ ಬಂದು ತಮ್ಮ ಊಟ ತಾವು ಉಂಡುಬಿಡುತ್ತಿದ್ದರು, ಒಬ್ಬನು ಹಸಿದಿರುವಾಗ ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಿದ್ದನು. ಪೌಲನು ಅಯೋಗ್ಯವಾಗಿ ಎಂದದ್ದು ಈ ರೀತಿಯ ಊಟಕ್ಕೆ. ಯೋಗ್ಯನಲ್ಲದವನು ಬರಕೂಡದೆಂದು ಅವನು ಹೇಳಲಿಲ್ಲ, ಹಾಗೆ ಹೇಳಿದ್ದರೆ ಆ ಮೇಜಿನ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಮುಂದಿನ ವಚನದಲ್ಲಿ ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದಿದೆ, ಪರೀಕ್ಷಿಸಿಕೊಂಡು ಬೆಂಚಿನಲ್ಲಿ ಕುಳಿತಿರಲಿ ಎಂದಿಲ್ಲ. ಒಬ್ಬರಿಗಾಗಿ ಒಬ್ಬರು ಕಾದುಕೊಂಡಿರಿ ಎಂಬ ಮಾತಿಗೆ ಬಂದು ಆ ಭಾಗ ಮುಗಿಯುತ್ತದೆ. ನೀವು ಕಾಯುತ್ತ ಕುಳಿತಿದ್ದೀರಿ, ಸಭೆ ನಿಮಗಾಗಿ ಕಾಯಲಿಲ್ಲ.

ನನ್ನ ಅಸಮಾಧಾನ ಇರುವುದು ಇಲ್ಲಿಯೇ. ಈ ವಚನವನ್ನು ನಮ್ಮ ಎಷ್ಟೋ ಸಭೆಗಳಲ್ಲಿ ಭೋಜನದ ಮುಂಚೆ ಹೆದರಿಕೆಯ ಧ್ವನಿಯಲ್ಲಿ ಓದಿಬಿಡುತ್ತಾರೆ, ವಿವರಿಸುವವರಿಲ್ಲ. ಉಪವಾಸ ಕೂಟಗಳಲ್ಲಂತೂ ಮನೆಯಲ್ಲಿ ಕಾಯಿಲೆ ಇದ್ದರೆ ಮರೆಮಾಚಿದ ಪಾಪವಿದೆ, ಮಕ್ಕಳಾಗದಿದ್ದರೆ ಪಾಪವಿದೆ ಎಂದು ಹೇಳಿ, ಮೊದಲೇ ನೊಂದ ಹೆಣ್ಣುಮಕ್ಕಳನ್ನು ಅಳಿಸಿ ಕಳುಹಿಸುತ್ತಾರೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಯಾರು ಪಾಪಮಾಡಿದರೆಂದು ಕೇಳಿದಾಗ ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದ ಯೇಸುವಿನ ಹೆಸರಿನಲ್ಲಿ ಇದು ನಡೆಯುತ್ತಿದೆ. ಹಳ್ಳಿಗಳನ್ನು ನೋಡಿಕೊಳ್ಳುವ ಅಯ್ಯನವರಿಗೆ, ಅಂದರೆ ಸಭೆಯ ಬೋಧಕರಿಗೆ, ಕಮಿಟಿ, ಚುನಾವಣೆ, ಆಸ್ತಿಯ ತಂಟೆಗಳಲ್ಲೇ ವಾರ ಕಳೆಯುತ್ತದೆ. ಒಬ್ಬ ಹೆಂಗಸು ಭಾನುವಾರದಿಂದ ಭಾನುವಾರಕ್ಕೆ ಒಂದೇ ಬೆಂಚಿನಲ್ಲಿ ಉಳಿದದ್ದು 11 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲವೆಂದರೆ ಅಪರಾಧ ಹೆಂಗಸೊಬ್ಬಳದ್ದೇ ಅಲ್ಲ. ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಭೋಜನದ ಕ್ರಮದಲ್ಲಿ ಪಾಪನಿವೇದನೆಯಾದ ಮೇಲೆ ಕೃಪೆಯ ವಚನಗಳನ್ನು ಓದಿ, ಪಾಪಕ್ಷಮೆಯನ್ನು ಗಟ್ಟಿಯಾಗಿ ಸಾರುತ್ತಾರೆ. ಅಷ್ಟು ಚೆಂದದ ಕ್ರಮ ಕೈಯಲ್ಲಿದ್ದರೂ ಎಷ್ಟೋ ಕಡೆ ಅದು ರೈಲಿನ ವೇಗದಲ್ಲಿ ಮುಗಿಯುತ್ತದೆ.

ಯೇಸುವಿನ ಶಿಷ್ಯ ಪೇತ್ರನ ವಿಷಯವನ್ನು ನೆನಪಿಸಿಕೊಳ್ಳಿ. ಯೋಹಾನನ ಸುವಾರ್ತೆಯಲ್ಲಿ ಅವನು ಮಹಾಯಾಜಕನ ಅಂಗಳದಲ್ಲಿ ಇದ್ದಿಲು ಬೆಂಕಿ ಕಾಯಿಸಿಕೊಳ್ಳುತ್ತ ಯೇಸುವನ್ನು ಅರಿಯೆನೆಂದನು. ಇದ್ದಿಲು ಬೆಂಕಿ ಎಂಬ ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಮತ್ತೆ ಬರುವುದು ಇನ್ನೊಂದೇ ಕಡೆ, 21ನೆಯ ಅಧ್ಯಾಯದಲ್ಲಿ, ಎದ್ದು ಬಂದ ಯೇಸು ಸಮುದ್ರದ ದಡದಲ್ಲಿ ಮೀನು ಸುಡುತ್ತಿದ್ದಾಗ. ಆ ಹೊಗೆಯ ವಾಸನೆಗೆ ಪೇತ್ರನ ಎದೆ ಹೇಗೆ ಹೊಡೆದುಕೊಂಡಿರಬೇಕೆಂದು ಯೋಚಿಸಿ. ಯೇಸು ಮೊದಲು ವಿಚಾರಣೆ ಮಾಡಲಿಲ್ಲ, ಬಂದು ಊಟಮಾಡಿರಿ ಎಂದನು. ರೊಟ್ಟಿಯನ್ನೂ ಮೀನನ್ನೂ ಕೈಯಾರೆ ಕೊಟ್ಟನು. ಅವರ ಊಟವಾದ ಮೇಲೆಯೇ ನನ್ನನ್ನು ಪ್ರೀತಿಸುತ್ತೀಯೋ ಎಂದು ಮೂರು ಸಲ ಕೇಳಿದ್ದು, ಕುರಿಗಳನ್ನು ಮೇಯಿಸು ಎಂದು ಕೆಲಸ ವಹಿಸಿದ್ದು. ಹಣಕ್ಕಾಗಿ ಯೇಸುವನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನೂ ದುಃಖಪಟ್ಟನು, ಹಣವನ್ನೂ ಹಿಂದಕ್ಕೆ ಕೊಟ್ಟನು, ತಾನು ಪಾಪಮಾಡಿದೆನೆಂದೂ ಒಪ್ಪಿಕೊಂಡನು. ಆದರೆ ದಂಡವನ್ನು ತಾನೇ ವಿಧಿಸಿಕೊಂಡು, ಆ ದಡದ ಊಟಕ್ಕೆ ಉಳಿಯದೆ ಹೋದನು.

ಹಾಯಾಗಿದ್ದರೆ ತಮ್ಮನನ್ನು ಮರೆತಂತೆ ಎಂದಿದ್ದೀರಿ. ಜಾನ್ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದವನು. 1754ರಲ್ಲಿ ಸಮುದ್ರಯಾನ ಬಿಟ್ಟು, ಮುಂದೆ ಇಂಗ್ಲೆಂಡಿನ ಓಲ್ನಿಯಲ್ಲಿ ಬೋಧಕನಾಗಿ, ಲೋಕವೆಲ್ಲ ಹಾಡುವ ಕೃಪೆಯ ಗೀತೆಯನ್ನು ಬರೆದನು. ಕ್ಷಮೆಯನ್ನು ಸ್ವೀಕರಿಸಿದ ಅವನು ಏನನ್ನೂ ಮರೆಯಲಿಲ್ಲ. 1788ರಲ್ಲಿ, ಈ ನಿವೇದನೆ ತಡವಾಗಿ ಬರುತ್ತಿದೆ ಎಂದು ಒಪ್ಪಿಕೊಂಡೇ, ಹಡಗುಗಳಲ್ಲಿ ತಾನು ಕಂಡದ್ದನ್ನೂ ಮಾಡಿದ್ದನ್ನೂ ಬರೆದು ಆ ವ್ಯಾಪಾರದ ವಿರುದ್ಧ ಅಚ್ಚು ಹಾಕಿಸಿದನು. ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲೇ ತೀರಿಕೊಂಡನು. ಹೆದರಿಕೆ ಬಿಟ್ಟುಹೋದವನು ಮಾತ್ರ ತನ್ನ ಪಾಪವನ್ನು ಹಾಗೆ ಎದುರಿಗಿಟ್ಟುಕೊಂಡು ನೋಡಬಲ್ಲನು.

ಅದೇ ಓಲ್ನಿಯಲ್ಲಿ ಅವನ ಸ್ನೇಹಿತ, ಕವಿ ವಿಲಿಯಂ ಕೂಪರ್ ಇದ್ದನು. ಇಬ್ಬರೂ ಸೇರಿ ಸ್ತುತಿಗೀತೆಗಳನ್ನು ಬರೆದರು. 1773ರಲ್ಲಿ ಕೂಪರನ ಮನಸ್ಸು ಮುರಿದುಬಿತ್ತು, ದೇವರು ತನ್ನನ್ನು ತಳ್ಳಿಬಿಟ್ಟನೆಂಬ ನಂಬಿಕೆ 1800ರಲ್ಲಿ ಸಾಯುವವರೆಗೂ ಅವನನ್ನು ಬಿಡಲಿಲ್ಲ. ಅದು ಅವಿಶ್ವಾಸವಾಗಿರಲಿಲ್ಲ, ಕಾಯಿಲೆಯಾಗಿತ್ತು. ಬೆಳಗಿನ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂದು ನೀವೂ ಬರೆದಿದ್ದೀರಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವಿಲ್ಲ. ಅಲ್ಲಿಗೆ ಹೋಗಿ ವೈದ್ಯರನ್ನು ಕಾಣುವುದು ವಿಶ್ವಾಸದ ಕೊರತೆಯೆಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ನಾನು ಕೇಳಿಕೊಳ್ಳುವುದು ಇಷ್ಟು. ನಿಮ್ಮ ಸಭೆಯಲ್ಲಿ ತಿಂಗಳ ಮೊದಲನೆಯ ಭಾನುವಾರ ಭೋಜನವಿದೆ ಎಂದಿದ್ದೀರಿ. ಹಿಂದಿನ ಶನಿವಾರ ಸಂಜೆ ಅಯ್ಯನವರ ಮನೆಗೆ ಹೋಗಿ, ಅರ್ಧ ಗಂಟೆ ಬೇಕೆಂದು ಕೇಳಿ. ಅವರಿಗೆ ಬಿಡುವಿಲ್ಲದಿದ್ದರೆ ಬಾಯಿ ಬಿಗಿ ಇರುವ ಹಿರಿಯ ವಿಶ್ವಾಸಿಯೊಬ್ಬರ ಹತ್ತಿರ ಹೋಗಿ, ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿರೆಂದು ಯಾಕೋಬನು ಬರೆದದ್ದು ಬೋಧಕರಿಗೆ ಮಾತ್ರವಲ್ಲ. ಹೇಳಿ ಮುಗಿಸಿದ ಮೇಲೆ ಕ್ಷಮೆಯ ಮಾತನ್ನು ಅವರು ಬಾಯಿಬಿಟ್ಟು ಹೇಳುವ ತನಕ ಎದ್ದು ಬರಬೇಡಿ. ಮರುದಿನ ಬೆಳಿಗ್ಗೆ ಎಲ್ಲರ ಜೊತೆ ಮುಂದೆ ಹೋಗಿ ಕೈ ಚಾಚಿ. ಆ ಹೊತ್ತಿಗೆ ಮನಸ್ಸು ಹಗುರಾಗದಿದ್ದರೂ ಹೋಗಿ. ನಮ್ಮ ಹೃದಯ ನಮ್ಮನ್ನು ದೋಷಿಯೆಂದು ಹೇಳಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನೆಂದು ಯೋಹಾನನು ಬರೆದದ್ದು ಇಂಥ ಬೆಳಗುಗಳಿಗಾಗಿಯೇ.

ತಮ್ಮನ ಮನೆಗೆ ಹೋಗುವುದು ಅದಾದ ಮೇಲೆ. ಯೇಸು ಮನೆಗೆ ಬಂದ ಮೇಲೆಯೇ ಸುಂಕ ವಸೂಲಿಯ ಜಕ್ಕಾಯನು ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದದ್ದು. ತಮ್ಮನ ಮಗ ಈಗ ಪಿಯುಸಿಯಲ್ಲಿದ್ದಾನೆ ಎಂದಿದ್ದೀರಿ, ಆ ಠೇವಣಿಯೂ ಹಾಗೆಯೇ ಇದೆ ಎಂದಿದ್ದೀರಿ. ಅದನ್ನು ಏನು ಮಾಡಬೇಕೆಂದು ನಾನು ಹೇಳಬೇಕಾಗಿಲ್ಲ. ಅವನ ತಾಯಿ ನಿಮ್ಮ ಮುಖಕ್ಕೆ ಬಾಗಿಲು ಹಾಕಬಹುದು, ಅದು ಆಕೆಯ ಹಕ್ಕು, ಅದರಿಂದ ಶಿಲುಬೆಗೆ ಜಡಿದ ಪತ್ರ ಹಿಂದಕ್ಕೆ ಬರುವುದಿಲ್ಲ. ಇನ್ನೊಂದು ತಿಂಗಳು ಬಿಟ್ಟು ಮತ್ತೆ ಹೋಗಿ.

ಒಂದು ಮಾತು ಉಳಿಯಿತು. ಆರು ಪುಟಗಳಲ್ಲಿ ಎಲ್ಲಿಯೂ ನೀವು ತಮ್ಮನ ಹೆಸರು ಬರೆದಿಲ್ಲ, ಎಲ್ಲ ಕಡೆಯೂ "ನನ್ನ ತಮ್ಮ" ಎಂದಷ್ಟೇ ಇದೆ. ಶನಿವಾರ ಸಂಜೆ ಅಯ್ಯನವರ ಮುಂದೆ ಕುಳಿತಾಗ, ಮೊದಲು ಆ ಹೆಸರನ್ನು ಹೇಳಿ.