ಬೇಳೆ ಬಿಟ್ಟರೂ ಯೂರಿಕ್ ಆಸಿಡ್ ಇಳಿಯಲಿಲ್ಲ, ಯಾಕೆ?

ಪ್ರಶ್ನೆ: ನನಗೆ 43 ವರ್ಷ. ಹೆಲ್ತ್ ಚೆಕಪ್‌ನಲ್ಲಿ ಯೂರಿಕ್ ಆಸಿಡ್ 7.8 ಬಂತು. ನೋವೇನೂ ಇಲ್ಲ. ಮಾಂಸ, ಮದ್ಯ ಮುಟ್ಟುವುದಿಲ್ಲ. ಯಾರೋ ಹೇಳಿದರೆಂದು ಮೂರು ತಿಂಗಳಿಂದ ತೊಗರಿಬೇಳೆ ಬಿಟ್ಟೆ. ಮೊನ್ನೆ ನೋಡಿದರೆ 7.7! ಮಧ್ಯಾಹ್ನ ಒಂದು ಕೋಲಾ, ಸಂಜೆ ಕಬ್ಬಿನ ಹಾಲು ಕುಡಿಯುತ್ತೇನೆ. ಅದೇ ಕಾರಣವೇ? ಬದಲಿಗೆ ಹಣ್ಣಿನ ಜ್ಯೂಸ್ ಕುಡಿಯಬಹುದೇ?
– ಓದುಗರು, ದಾವಣಗೆರೆ

ಉತ್ತರ: ಪಾಪ, ತೊಗರಿಬೇಳೆ ಏನು ತಪ್ಪು ಮಾಡಿತ್ತು! ಇವತ್ತೇ ಸಾರು ಮಾಡಿಸಿಕೊಂಡು ಊಟ ಮಾಡಿ. ಬೇಳೆಕಾಳು ತಿನ್ನುವವರಿಗೆ ಗೌಟ್ (ಯೂರಿಕ್ ಆಸಿಡ್ ಕೀಲುಗಳಲ್ಲಿ ಹರಳುಗಟ್ಟಿ ಊತ, ನೋವು ತರುವ ಕಾಯಿಲೆ) ಜಾಸ್ತಿ ಬರುತ್ತದೆ ಎಂದು ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ನನಗೆ ಅನುಮಾನ ಇರುವುದು ಆ ಎರಡು ಲೋಟಗಳ ಮೇಲೆ.

ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸ್ ಬಂದರೆ ಲಿವರ್‌ಗೆ ತಡೆಯೇ ಇಲ್ಲ. ತನ್ನಲ್ಲಿರುವ ಎಟಿಪಿ ಎಂಬ ಶಕ್ತಿಯ ಕಣಗಳನ್ನು ಗಬಗಬನೆ ಖರ್ಚು ಮಾಡಿ ಅದನ್ನು ಅರಗಿಸುತ್ತದೆ. ಹಾಗೆ ಮುರಿದ ಕಣಗಳ ಒಂದು ಭಾಗ ಕೊನೆಗೆ ಯೂರಿಕ್ ಆಸಿಡ್ ಆಗುತ್ತದೆ. ಕುಡಿದ ಸಕ್ಕರೆ ಒಂದೇ ಸಲ ಒಳಗೆ ಹೋಗುವುದರಿಂದ ಏಟು ಇನ್ನೂ ಜೋರು. 300 ಎಂಎಲ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಕಬ್ಬಿನ ಹಾಲಿಗೆ ಮೇಲಿಂದ ಸಕ್ಕರೆ ಹಾಕಿಲ್ಲ, ನಿಜ. ಆದರೆ ಸಕ್ಕರೆ ಬರುವುದೇ ಅದರಿಂದ ಅಲ್ವಾ? ಬೆಲ್ಲದ ಪಾನಕವೂ ಅದೇ ಕತೆ.

ಅಮೆರಿಕದಲ್ಲಿ 46,000ಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಬಂತು. ದಿನಕ್ಕೆ ಎರಡೋ ಹೆಚ್ಚೋ ಸಿಹಿ ಪಾನೀಯ ಕುಡಿಯುವವರಿಗೆ, ತಿಂಗಳಿಗೆ ಒಂದನ್ನೂ ಕುಡಿಯದವರಿಗಿಂತ ಗೌಟ್ ಅಪಾಯ ಶೇ 85ರಷ್ಟು ಜಾಸ್ತಿ ಇತ್ತು. ಡಯಟ್ ಪಾನೀಯಗಳಲ್ಲಿ ಈ ನಂಟು ಕಾಣಲಿಲ್ಲ. ಹಣ್ಣಿನ ಜ್ಯೂಸ್‌ನಲ್ಲಿ ಕಂಡಿತು! ಹಾಗಾಗಿ ಜ್ಯೂಸ್ ಬೇಡ, ಹಣ್ಣನ್ನೇ ಅಗಿದು ತಿನ್ನಿ. ಬಾಯಾರಿದರೆ ನೀರು, ಮಜ್ಜಿಗೆ. ಸಕ್ಕರೆ ಕಡಿಮೆ ಹಾಕಿದ ಕಾಫಿಗೂ ಅಡ್ಡಿಯಿಲ್ಲ. ಕಾಫಿ ಕುಡಿಯುವವರಲ್ಲಿ ಗೌಟ್ ಕಡಿಮೆಯೇ ಕಂಡಿದೆ.

ಗಂಡಸರಿಗೆ 7ರ ಮೇಲೆ ಹೋದರೆ ಹೆಚ್ಚು ಅನ್ನುತ್ತೇವೆ. ಆದರೆ ಹಾಗಿರುವ ಬಹಳ ಜನಕ್ಕೆ ಗೌಟ್ ಬರುವುದೇ ಇಲ್ಲ. ನೋವಿಲ್ಲದೆ ಬರೀ ಸಂಖ್ಯೆ ನೋಡಿ ಸಾಮಾನ್ಯವಾಗಿ ಮಾತ್ರೆ ಕೊಡುವುದಿಲ್ಲ. ಎರಡೂ ಲೋಟ ಬಿಟ್ಟು ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ. ಒಮ್ಮೆಗೇ 5ಕ್ಕೆ ಇಳಿಯುತ್ತದೆ ಎಂದುಕೊಳ್ಳಬೇಡಿ. ವಂಶ, ತೂಕ, ಕಿಡ್ನಿಯ ಪಾತ್ರವೂ ಇದೆ. ಜೊತೆಗೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನೂ ಮಾಡಿಸಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ, ಅದೂ ಯೂರಿಕ್ ಆಸಿಡ್ ಏರಿಸಬಹುದು. ನೀವಾಗಿ ನಿಲ್ಲಿಸಬೇಡಿ. ಯಾವತ್ತಾದರೂ ರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವಾದರೆ ಮೂರು ತಿಂಗಳು ಕಾಯಬೇಡಿ.